ಯುದ್ಧಕಾಲದ ಉಗಿಬಂಡಿಯ ಚಿತ್ರಗಳೂ ವಿಜಾಪುರದ ಹಳಿಯೂ

ಸಿಂದಗಿ ತಾಲೂಕಿನ ಮೋರಟಗಿಯು ಎರಡು ಉಗಿಬಂಡಿಯ ದಾರಿಗಳ ನಡುವೆ ನೆಲೆಸಿದ ಗ್ರಾಮವು. ಪಡುವಣಕ್ಕೆ ಹೋದರೆ ಇಂಡಿ ರೋಡ ಸ್ಟೇಶನ್ನಿನ ಮೇಲೆ ಹಾಯ್ದುಹೋಗುವ ಹೊಟಗಿ-ಗದಗ ದಾರಿಯು ಸಿಕ್ಕುವುದು. ಮೂಡಣ-ಬಡಗಣ ದಿಕ್ಕು ಹಿಡಿದು ಭೀಮಾನದಿಯನ್ನು ದಾಟಿದರೆ ಕಲಬುರ್ಗಿಯ ಮೇಲೆ ಹೋಗುವ ಮುಂಬಯಿ-ರಾಯಚೂರು ದಾರಿಯು ಸಿಕ್ಕುವುದು. ಎರಡೂ ದೂರದಲ್ಲಿರುವವು. ಊರ ಹೊಲದ ಬದುವಿನ ಮೇಲೆ ನಿಂತವನಿಗೆ ಹೊಗೆಯೂ ಕಾಣದು, ಸೀಟಿಯೂ ಕೇಳದು. ಸಿಂದಗಿ ಮುದ್ದೇಬಿಹಾಳಗಳಂಥ ಪಟ್ಟಣಗಳಿಗೆ ಇಂದಿಗೂ ಹಳಿಯು ಬಂದಿಲ್ಲ. ಆದರೂ ಈ ಸೀಮೆಯ ಜನರ ಬದುಕು ಸಾವುಗಳು ಆ ದೂರದ ಕಂಬಿಗಳ ಮೇಲೆ ಪುನಃ ಪುನಃ ನಿಂತದ್ದುಂಟು. ಹಾಗೆ ನಿಂತ ಕಾಲಗಳಲ್ಲಿ 1939ರಿಂದ 1945ರ ವರೆಗಿನ ಎರಡನೆಯ ಮಹಾಯುದ್ಧದ ಕಾಲವು ಒಂದು.

ಆ ಯುದ್ಧದ ಕಾಲದಲ್ಲಿಯೇ ಉಗಿಬಂಡಿಯನ್ನೂ ಅದರ ಕೆಲಸಗಾರರನ್ನೂ ಕುರಿತ ಸಾಕ್ಷ್ಯಚಿತ್ರಗಳು ಹೊರದೇಶಗಳಲ್ಲಿ ಹುಟ್ಟಿದವು. ಹಿಂದುಸ್ತಾನದಲ್ಲಿಯೂ ಸರಕಾರವು ಚಲನಚಿತ್ರವನ್ನು ತನ್ನ ಕೈಗೆ ತೆಗೆದುಕೊಂಡು ಯುದ್ಧಪ್ರಯತ್ನದ ಚಿತ್ರಗಳನ್ನು ಊರೂರಿಗೆ ಕಳಿಸಿತು. ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೇ ಒಂದು ವಿಚಾರವು ಅಡಗಿರುವುದು. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಹಾಗಾದರೆ ಕಂಡವರು ಯಾರು, ಕಂಡದ್ದು ಏನು, ಯಾರ ಮಾತಿನಲ್ಲಿ ಅದನ್ನು ಹೇಳಿದರು ಎಂಬ ಮೂರು ಪ್ರಶ್ನೆಗಳು ಏಳುವವು. ಈ ಪ್ರಶ್ನೆಗಳನ್ನು ಇಟ್ಟುಕೊಂಡು ಆ ಚಿತ್ರಗಳನ್ನೂ ವಿಜಾಪುರದ ಹಳಿಯನ್ನೂ ಒಟ್ಟಿಗೆ ನೋಡಿದರೆ ಈ ಜಿಲ್ಲೆಯ ಇತಿಹಾಸದಲ್ಲಿ ಮರೆತುಹೋದ ಒಂದು ಪುಟವು ತಿಳಿದುಬರುವುದು.

ಮೊದಲು ಹಳಿಯ ಪೂರ್ವವೃತ್ತಾಂತವನ್ನು ಹೇಳತಕ್ಕದ್ದು. 1876ರ ಧಾತು ಸಂವತ್ಸರದಲ್ಲಿಯೂ ಮರುವರ್ಷದ ಈಶ್ವರ ಸಂವತ್ಸರದಲ್ಲಿಯೂ ದಕ್ಷಿಣ ಹಿಂದುಸ್ತಾನಕ್ಕೆ ಬಿದ್ದ ಬರವು ಈ ಜಿಲ್ಲೆಯನ್ನು ಬಹಳವಾಗಿ ಹಾಳುಮಾಡಿತು. ಆಗ ಇದಕ್ಕೆ ಕಲಾದಗಿ ಜಿಲ್ಲೆಯೆಂದು ಹೆಸರು. 1872ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟು ಹೋದವರೆಷ್ಟು ಎಂಬುದನ್ನು ಗಣತಿಯ ಅಂಕಿಯು ಬೇರೆಬೇರೆಯಾಗಿ ಹೇಳದು. ಐದು ಮಂದಿಯಲ್ಲಿ ಒಬ್ಬನು ಇಲ್ಲದಾದನೆಂಬುದನ್ನು ಮಾತ್ರ ಹೇಳುವುದು. ಎರೆಯ ಭೂಮಿಯು ಮಳೆಯಿದ್ದರೆ ಹಗೇವು ತುಂಬ ಜೋಳವನ್ನು ಕೊಡುವುದು. ಮಳೆ ಹೋದರೆ ಬಾಯ್ದೆರೆದು ಬಿರಿಯುವುದು. ಹಗೇವಿನ ಕಾಳು ಮುಗಿದ ಮೇಲೆ ಹೊರಗಿನಿಂದ ಧಾನ್ಯವು ಬರಬೇಕು. ಹೊರಗೆ ಧಾನ್ಯವಿದ್ದರೂ ಎತ್ತಿನ ಬಂಡಿಯಲ್ಲದೆ ಬೇರೆ ವಾಹನವಿಲ್ಲ. ಮೇವಿಲ್ಲದ ನಾಡಿನಲ್ಲಿ ಬಂಡಿ ಎಳೆಯತಕ್ಕ ಎತ್ತೇ ಮೊದಲು ಬೀಳುವುದು. ಈ ಕಟುಪಾಠವನ್ನು ಕಲಿತ ಮೇಲೆ ಬರಪೀಡಿತ ಸೀಮೆಗಳಿಗೆ ರಕ್ಷಕವಾದ ಹಳಿಗಳನ್ನು ಹಾಕಬೇಕೆಂಬ ವಿಚಾರವು ಬಲಗೊಂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು; 1884ರಲ್ಲಿ ಹೊಟಗಿಯಿಂದ ಇಂಡಿ ರೋಡ, ವಿಜಾಪುರ, ಆಲಮಟ್ಟಿ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿನ ವರೆಗೆ ಸುಮಾರು 280 ಕಿಲೋಮೀಟರಿನ ದಾರಿಯು ತೆರೆಯಿತು. ಭೀಮಾ, ಡೋಣಿ, ಕೃಷ್ಣಾ, ಘಟಪ್ರಭಾ, ಮಲಪ್ರಭೆಗಳನ್ನು ಅದು ದಾಟುವುದು. 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಎಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು.

ಈ ದಾರಿಯು ಮೀಟರ್ ಗೇಜಿನದು, ಎಂದರೆ ಎರಡು ಕಂಬಿಗಳ ನಡುವಣ ಅಂತರವು ಒಂದು ಮೀಟರು. ಹೊಟಗಿಯಲ್ಲಿ ಅದನ್ನು ಕೂಡುತ್ತಿದ್ದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ದಾರಿಯು ಐದೂವರೆ ಅಡಿ ಅಗಲದ್ದು. ಒಂದರ ಡಬ್ಬಿಯು ಇನ್ನೊಂದರ ಮೇಲೆ ಓಡಲಾರದು. ಆದಕಾರಣ ಬಡಗಣದಿಂದ ಬಂದ ಪ್ರತಿಯೊಂದು ಚೀಲವನ್ನೂ ಹೊಟಗಿಯಲ್ಲಿ ದೊಡ್ಡ ಡಬ್ಬಿಯಿಂದ ಇಳಿಸಿ ಚಿಕ್ಕ ಡಬ್ಬಿಗೆ ಏರಿಸಬೇಕಾಗುತ್ತಿತ್ತು. ನಕಾಶೆಯಲ್ಲಿ ಎರಡು ಗೆರೆಗಳು ಒಂದು ಬಿಂದುವಿನಲ್ಲಿ ಸೇರಿದಂತೆ ಕಾಣುವವು; ಆ ಬಿಂದುವಿನಲ್ಲಿ ನಿಜವಾಗಿ ಸೇರಿಸುತ್ತಿದ್ದುದು ಹಮಾಲರ ಹೆಗಲು. ಡಬ್ಬಿಗಳು ಸಾಲದಾದರೆ ಚೀಲಗಳು ಫಲಾಟದ ಮೇಲೆಯೇ ಕಾಯಬೇಕು. ಹಮಾಲರು ಸಾಲದಾದರೆ ಡಬ್ಬಿಗಳು ಕಾಯಬೇಕು. ಬರದ ದಿನಗಳಲ್ಲಿ ಹೀಗೆ ಕಾಯುವುದೆಂದರೆ ಅರ್ಥವೇನೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಇನ್ನು ಚಿತ್ರಗಳ ಕಡೆಗೆ ಬರೋಣ. ಉಗಿಬಂಡಿಯ ಕೆಲಸವನ್ನು ಸಾಕ್ಷ್ಯಚಿತ್ರದ ವಸ್ತುವನ್ನಾಗಿ ಮಾಡಿದ ಕೃತಿಗಳಲ್ಲಿ ಬಹುಪ್ರಸಿದ್ಧವಾದುದು ಯುದ್ಧಕ್ಕೆ ಮುಂಚೆ, 1936ರಲ್ಲಿ, ಇಂಗ್ಲೆಂಡಿನ ಅಂಚೆ ಇಲಾಖೆಯ ಚಿತ್ರವಿಭಾಗವು ತೆಗೆದ ‘ನೈಟ್ ಮೇಲ್’ ಎಂಬುದು. ಹ್ಯಾರಿ ವ್ಯಾಟ್, ಬೆಸಿಲ್ ರೈಟ್ ಎಂಬಿಬ್ಬರು ಅದನ್ನು ನಿರ್ದೇಶಿಸಿದರು. ಲಂಡನ್ನಿನಿಂದ ಸ್ಕಾಟ್ಲಂಡಿಗೆ ರಾತ್ರಿಯಲ್ಲಿ ಓಡುವ ಟಪಾಲಿನ ಬಂಡಿ, ಅದರಲ್ಲಿ ನಿಂತು ಕಾಗದಗಳನ್ನು ವಿಂಗಡಿಸುವ ಜನರು, ದಾರಿಯ ಬದಿಯಲ್ಲಿ ಬಂಡಿಗಾಗಿ ಕಾಯುವ ಹಳಿಯ ಕೆಲಸಗಾರರು, ಇವರೇ ಅದರ ನಾಯಕರು. ರಾಜರನ್ನೂ ನಟರನ್ನೂ ಬಿಟ್ಟು ಸಾಮಾನ್ಯನ ಕೈಗೆಲಸವನ್ನು ತೆರೆಯ ಮೇಲೆ ತಂದುದು ಅದರ ಹೆಗ್ಗಳಿಕೆ. ಆದರೆ ಕಾಗದ ವಿಂಗಡಿಸುವ ನೋಟವನ್ನು ಓಡುವ ಬಂಡಿಯಲ್ಲಿ ತೆಗೆಯಲಾಗಲಿಲ್ಲ. ಸ್ಟುಡಿಯೋದಲ್ಲಿ ಡಬ್ಬಿಯ ಪ್ರತಿಕೃತಿಯನ್ನು ಕಟ್ಟಿ, ನಿಜವಾದ ಟಪಾಲಿನವರನ್ನೇ ಅದರಲ್ಲಿ ನಿಲ್ಲಿಸಿ, ಬಂಡಿಯು ಓಡುವಾಗ ತೂಗಾಡುವಂತೆ ತೂಗಾಡಲು ಹೇಳಿ ತೆಗೆದರು. ಕೆಲಸವು ನಿಜ, ಕೆಲಸಗಾರನು ನಿಜ, ತೂಗಾಟವು ಕೃತಕ. ಇದನ್ನು ಮೋಸವೆನ್ನಲಾಗದು, ನೋಡಿದ್ದೆಲ್ಲ ಇದ್ದದ್ದೇ ಎನ್ನಲೂ ಆಗದು.

ಯುದ್ಧದ ನಡುವೆಯೇ ಹುಟ್ಟಿದ ಇನ್ನೊಂದು ಚಿತ್ರವು ಫ್ರಾನ್ಸಿನದು. ರೆನೆ ಕ್ಲೆಮಾ ಎಂಬ ನಿರ್ದೇಶಕನು 1942ರಲ್ಲಿ ‘ಸೊ ದ್ಯು ರಾಯ್’ ಎಂಬ ಕಿರುಚಿತ್ರವನ್ನು ತೆಗೆದನು. ಹಳಿಯ ಜನರು ಎಂದು ಅದರ ಹೆಸರಿನ ತಾತ್ಪರ್ಯ. ಛಾಯಾಗ್ರಾಹಕನು ಆನ್ರಿ ಅಲೆಕಾನ್. ದಕ್ಷಿಣ ಫ್ರಾನ್ಸಿನ ನೀಸ್ ಮತ್ತು ಮಾರ್ಸೇಯಿ ಪಟ್ಟಣಗಳ ನಡುವೆ ಓಡುವ ಬಂಡಿಯ ಡ್ರಾಯವರನೂ ಕಲ್ಲಿದ್ದಲು ಹಾಕುವ ಫಾಯರಮನ್ನನೂ ಅದರಲ್ಲಿ ಮುಖ್ಯರು. ಬೆಂಕಿಯ ಬಾಯಿ, ಸಲಿಕೆ, ಬೆವರು, ಎದುರಿಗೆ ಓಡಿಬರುವ ಹಳಿ, ಇವುಗಳನ್ನು ಓಡುವ ಇಂಜಿನಿನ ಮೇಲಿನಿಂದಲೇ ತೋರಿಸಿದ್ದಾರೆ. ಒಬ್ಬನು ದಾರಿಯನ್ನು ನೋಡುವನು, ಇನ್ನೊಬ್ಬನು ಬೆಂಕಿಯನ್ನು ನೋಡುವನು. ಇಬ್ಬರ ನಂಬಿಕೆಯ ಮೇಲೆ ಹಿಂದಿನ ಡಬ್ಬಿಗಳ ಜನರೆಲ್ಲರೂ ನಿದ್ರಿಸುವರು. ಆದರೆ ಆ ವರ್ಷ ಫ್ರಾನ್ಸ್ ದೇಶವು ಸೋತು ಎರಡು ವರ್ಷಗಳಾಗಿದ್ದವು. ಉತ್ತರ ಭಾಗದಲ್ಲಿ ಜರ್ಮನ್ ಸೈನ್ಯವಿತ್ತು, ದಕ್ಷಿಣದಲ್ಲಿ ಅದಕ್ಕೆ ಮಣಿದ ವಿಶೀ ಸರಕಾರವಿತ್ತು. ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣಕ್ಕೂ ಪರಸೈನ್ಯವು ನುಗ್ಗಿತು. ಆ ಕಾಲದಲ್ಲಿ ಹಳಿಯ ಕೆಲಸಗಾರನ ಶ್ರಮವನ್ನು ತೋರಿಸಬಹುದಿತ್ತು. ಆ ಶ್ರಮವು ಯಾರಿಗಾಗಿ ವೆಚ್ಚವಾಗುತ್ತಿದೆಯೆಂಬುದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ನಮ್ಮ ಶಾಸ್ತ್ರಗಳಲ್ಲಿ ಜ್ಞಾನಕ್ಕೆ ಸಾಧನವಾದ ಪ್ರಮಾಣಗಳನ್ನು ವಿಂಗಡಿಸಿ ಹೇಳಿರುವರು. ಇಂದ್ರಿಯದಿಂದ ನೇರವಾಗಿ ಅರಿಯುವುದು ಪ್ರತ್ಯಕ್ಷ. ನಂಬಿಕೆಗೆ ಅರ್ಹನಾದವನ ಮಾತಿನಿಂದ ಅರಿಯುವುದು ಶಬ್ದಪ್ರಮಾಣ. ಅಂಥವನಿಗೆ ಆಪ್ತನೆಂದು ಹೆಸರು. ಸಾಕ್ಷ್ಯಚಿತ್ರವನ್ನು ನೋಡುವವನು ತಾನು ಪ್ರತ್ಯಕ್ಷವಾಗಿ ಕಾಣುತ್ತಿದ್ದೇನೆಂದು ಭಾವಿಸುವನು. ವಿಚಾರಿಸಿದರೆ ಅವನಿಗೆ ಪ್ರತ್ಯಕ್ಷವಾದುದು ತೆರೆಯ ಮೇಲಣ ಬೆಳಕು ಮಾತ್ರ. ಎಲ್ಲಿ ನಿಂತು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಯಾವುದನ್ನು ನೋಡಕೂಡದು ಎಂಬುದನ್ನೆಲ್ಲ ಮತ್ತೊಬ್ಬನು ಮೊದಲೇ ನಿಶ್ಚಯಿಸಿರುವನು. ಆದಕಾರಣ ಸಾಕ್ಷ್ಯಚಿತ್ರವು ಪ್ರತ್ಯಕ್ಷದ ವೇಷವನ್ನು ತೊಟ್ಟ ಶಬ್ದವೇ ಸರಿ. ಶಬ್ದವೆಂದ ಮೇಲೆ ಹೇಳಿದವನು ಆಪ್ತನೇ ಎಂದು ಕೇಳುವ ಹಕ್ಕು ನೋಡುವವನಿಗೆ ಉಂಟು.

ಹಿಂದುಸ್ತಾನದಲ್ಲಿ ಹೇಳುವವನು ಸರಕಾರವಾಗಿತ್ತು. 1940ರಲ್ಲಿ ಫಿಲ್ಮ್ ಎಡ್ವಾಯಜರಿ ಬೋರ್ಡ್ ಎಂಬ ಮಂಡಳಿಯನ್ನು ಸ್ಥಾಪಿಸಿದರು. ಮುಂಬಯಿಯ ಚಿತ್ರನಿರ್ಮಾಪಕರಾದ ಜೆ. ಬಿ. ಎಚ್. ವಾಡಿಯಾ ಅವರು ಅದರ ಅಧ್ಯಕ್ಷರಾದರು. ಇಂಗ್ಲೆಂಡಿನಿಂದ ಅಲೆಕ್ಝಾಂಡರ್ ಶಾ ಎಂಬವರನ್ನು ಕರೆತಂದರು. ಬಳಿಕ ಎಝ್ರಾ ಮೀರ್ ಅವರು ನಿರ್ಮಾಣದ ಭಾರವನ್ನು ಹೊತ್ತರು. 1943ರಲ್ಲಿ ಆ ಮಂಡಳಿಯ ಸ್ಥಾನಕ್ಕೆ ‘ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ ಎಂಬ ಸಂಸ್ಥೆಯೂ, ಅದರೊಡನೆ ‘ಇಂಡಿಯನ್ ನ್ಯೂಸ್ ಪರೇಡ್’ ಎಂಬ ವಾರ್ತಾಚಿತ್ರವೂ ಬಂದವು. ಅದೇ ವರ್ಷ ಹಿಂದುಸ್ತಾನ ಸಂರಕ್ಷಣೆಯ ನಿಯಮಗಳಲ್ಲಿ ಒಂದು ಹೊಸ ಕಲಮನ್ನು ಸೇರಿಸಿ, ಪ್ರತಿಯೊಂದು ಚಿತ್ರಮಂದಿರವೂ ಪ್ರತಿಯೊಂದು ಆಟದಲ್ಲಿಯೂ 2,000 ಅಡಿಗಳ ವರೆಗೆ ಸರಕಾರಸಮ್ಮತವಾದ ಚಿತ್ರವನ್ನು ತೋರಿಸತಕ್ಕದ್ದೆಂದು ವಿಧಿಸಿದರು. ಅಷ್ಟು ಚಿತ್ರವು ತೆರೆಯ ಮೇಲೆ ಓಡಿ ಮುಗಿಯಲು ಸುಮಾರು 22 ನಿಮಿಷಗಳು ಬೇಕು. ಕಚ್ಚಾ ಫಿಲ್ಮಿನ ಅಭಾವದಿಂದ ಕಥಾಚಿತ್ರಗಳ ಉದ್ದವನ್ನೇ 11,000 ಅಡಿಗಳಿಗೆ ಕಡಿತಗೊಳಿಸಿದ್ದ ಕಾಲವದು. ಪುರಾಣದ ಕಥೆಯನ್ನು ನೋಡಲು ಬಂದವನು ಅದಕ್ಕೆ ಮೊದಲು ಸೈನ್ಯವನ್ನೋ ಕಾರಖಾನೆಯನ್ನೋ ನೋಡಬೇಕಾಗಿತ್ತು.

ಈ ಚಿತ್ರಗಳಿಗೆ ಐದು ಭಾಷೆಗಳಲ್ಲಿ ವಿವರಣೆಯನ್ನು ಕೂಡಿಸುತ್ತಿದ್ದರು: ಇಂಗ್ಲಿಷ್, ಹಿಂದುಸ್ತಾನಿ, ಬಂಗಾಲಿ, ತಮಿಳು, ತೆಲುಗು. ಕನ್ನಡವು ಅದರಲ್ಲಿ ಇರಲಿಲ್ಲ. ಕನ್ನಡದ ಮಾತು ತೆರೆಗೆ ಒಗ್ಗದೆಂದು ಹೇಳುವಂತಿಲ್ಲ. 1934ರಲ್ಲಿಯೇ ‘ಸತಿ ಸುಲೋಚನಾ’ ಎಂಬ ಬೋಲಪಟವು ಕನ್ನಡದಲ್ಲಿ ಮಾತಾಡಿತ್ತು. ಕಾರಣವು ಬೇರೆ ಕಡೆಗೆ ಇದ್ದಂತೆ ತೋರುವುದು. ಕನ್ನಡಿಗರು ಆಗ ಮೈಸೂರು ಸಂಸ್ಥಾನ, ಮುಂಬಯಿ ಇಲಾಖೆ, ಮದ್ರಾಸ್ ಇಲಾಖೆ, ನಿಜಾಮ ಸಂಸ್ಥಾನ, ಕೊಡಗು, ಇವಲ್ಲದೆ ಹಲವು ಚಿಕ್ಕ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಒಂದು ಸರಕಾರಕ್ಕೂ ಅವರು ಒಟ್ಟಾಗಿ ಕಾಣುತ್ತಿರಲಿಲ್ಲ. ಮೋರಟಗಿಯಿಂದ ಮೂಡಣಕ್ಕೆ ಸ್ವಲ್ಪ ದೂರ ಹೋದರೆ ನಿಜಾಮರ ಸೀಮೆ; ಇತ್ತಲಾಗಿ ಮುಂಬಯಿ ಸರಕಾರದ ಸೀಮೆ; ಎರಡೂ ಕಡೆಗೆ ಮಾತು ಒಂದೇ. ಹೊಟಗಿಯ ಫಲಾಟದ ಮೇಲೆಯೂ ಕನ್ನಡವು ಕೇಳುವುದು. ವಿಜಾಪುರದ ಚಿತ್ರಮಂದಿರದಲ್ಲಿ ಕುಳಿತ ಕನ್ನಡಿಗನು ಮಾತ್ರ ಯುದ್ಧದ ವಾರ್ತೆಯನ್ನು ಪರಭಾಷೆಯಲ್ಲಿಯೇ ಕೇಳಬೇಕಾಗಿತ್ತು.

ಮೀಮಾಂಸಕರು ಅನುಪಲಬ್ಧಿಯೆಂಬ ಇನ್ನೊಂದು ಪ್ರಮಾಣವನ್ನು ಒಪ್ಪಿರುವರು. ವಸ್ತುವು ಕಾಣದಿರುವುದರಿಂದ ಅದು ಇಲ್ಲವೆಂದು ತಿಳಿಯುವುದೇ ಅದು. ಆದರೆ ಅದಕ್ಕೊಂದು ಕಟ್ಟಳೆಯಿದೆ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಆ ನಿರ್ಣಯವು ಸಲ್ಲುವುದು. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲವೆನ್ನಲಾಗದು. ದೀಪ ಹಚ್ಚಿದ ಮೇಲೆಯೂ ಕಾಣದಿದ್ದರೆ ಇಲ್ಲವೆನ್ನಬಹುದು. ಐದು ಭಾಷೆಗಳ ದೀಪವನ್ನು ಹಚ್ಚಿದ ಮೇಲೆಯೂ ಕನ್ನಡವು ಅಲ್ಲಿ ಕಾಣದು. ಹೀಗೆ ಕನ್ನಡದ ಹಳಿಯ ಕೆಲಸಗಾರನ ವೃತ್ತಾಂತವನ್ನು ಅವನದೇ ಮಾತಿನಲ್ಲಿ ಹೇಳಿದ ಸರಕಾರಿ ಚಿತ್ರವು ಆ ಮಾಲೆಯಲ್ಲಿ ಹುಟ್ಟಲಿಲ್ಲ.

ಆ ವರ್ಷಗಳಲ್ಲಿ ಹಳಿಯ ಮೇಲೆ ನಡೆದುದೇನು? ಮೀಟರ್ ಗೇಜಿನ ಮೇಲೆ ಯುದ್ಧದ ಭಾರವು ವಿಶೇಷವಾಗಿ ಬಿತ್ತು. ಮಧ್ಯಪ್ರಾಚ್ಯದ ರಣಭೂಮಿಗಳಿಗಾಗಿ ಹಿಂದುಸ್ತಾನದ ಮೀಟರ್ ಗೇಜಿನ ಇಂಜಿನುಗಳಲ್ಲಿ ನೂರಕ್ಕೆ 8ರಷ್ಟನ್ನೂ, ಸಾಮಾನಿನ ಡಬ್ಬಿಗಳಲ್ಲಿ ನೂರಕ್ಕೆ 15ರಷ್ಟನ್ನೂ ಹಡಗಿನಲ್ಲಿ ಕಳಿಸಿದರು. ದೇಶದಲ್ಲಿ 26 ಶಾಖಾಮಾರ್ಗಗಳ ಕಂಬಿಗಳನ್ನೇ ಕಿತ್ತರು. ರೈಲ್ವೆಯ ಕಾರಖಾನೆಗಳಲ್ಲಿ ಮದ್ದುಗುಂಡುಗಳ ಭಾಗಗಳನ್ನು ಮಾಡತೊಡಗಿದರು. ಉಳಿದ ಇಂಜಿನು ಡಬ್ಬಿಗಳಿಂದಲೇ ಸೈನ್ಯವೂ ಸಾಗಬೇಕು, ಸಾಮಾನೂ ಸಾಗಬೇಕು, ಜನರೂ ಸಾಗಬೇಕು. 1942ರ ಮಾರ್ಚಿನಲ್ಲಿ ರಂಗೂನು ಜಪಾನರ ವಶವಾಯಿತು. ಬರ್ಮಾದ ಅಕ್ಕಿಯು ನಿಂತುಹೋಯಿತು. ಧಾನ್ಯದ ಬೆಲೆಯು ಏರಿತು.

ಚಿತ್ರಭಾನು ಸಂವತ್ಸರವಾದ ಅದೇ 1942-43ರಲ್ಲಿ ವಿಜಾಪುರ ಜಿಲ್ಲೆಗೆ ಮಳೆಯು ಕೈಕೊಟ್ಟು ಬರವು ಬಿದ್ದಿತು. ಮುಂಬಯಿ ಸರಕಾರವು ಅದನ್ನು ಬರಗಾಲವೆಂದು ಅಂಗೀಕರಿಸಿ ಪರಿಹಾರದ ಕಾಮಗಾರಿಗಳನ್ನು ತೆರೆಯಿತು. ಕಾಮಗಾರಿಯಿಂದ ಕೂಲಿಯು ಬರುವುದು, ಕಾಳು ಬರದು. ಕಾಳು ಹೊರಗಿನಿಂದಲೇ ಬರಬೇಕು. ದನಗಳಿಗೆ ಮೇವೂ ಬೇಕು. ಕಣಿಕಿಯ ಹೊರೆಯು ಹಗುರವಾದರೂ ಡಬ್ಬಿಯಲ್ಲಿ ಬಹಳ ಸ್ಥಳವನ್ನು ಹಿಡಿಯುವುದು; ಡಬ್ಬಿಗಳಿಗೇ ಬರಬಂದ ಕಾಲದಲ್ಲಿ ಅದನ್ನು ಸಾಗಿಸುವುದು ಸುಲಭವಾಗಿರಲಿಲ್ಲ. ಇಂಡಿ ರೋಡ, ವಿಜಾಪುರ, ಆಲಮಟ್ಟಿಗಳಂಥ ಸ್ಟೇಶನ್ನುಗಳಲ್ಲಿ ಇಳಿದ ಸರಕು ಸಿಂದಗಿ ಮುದ್ದೇಬಿಹಾಳಗಳ ಒಳನಾಡಿಗೆ ರಸ್ತೆಯ ಮೇಲೆ ಹೋಗಬೇಕಾಗಿತ್ತು.

ಮೂರನೆಯದಾದ ಸಂಗತಿಯು ಇನ್ನೂ ಇಕ್ಕಟ್ಟಿನದು. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು ‘ಭಾರತ ಬಿಟ್ಟು ತೊಲಗಿ’ ಎಂಬ ನಿರ್ಣಯವನ್ನು ಅಂಗೀಕರಿಸಿತು. ಮುಂದಾಳುಗಳು ಸೆರೆಮನೆಗೆ ಹೋದರು. ಮುಂಬಯಿ ಕರ್ನಾಟಕದಲ್ಲಿ ಭೂಗತ ಕಾರ್ಯಕರ್ತರು ತಂತಿಗಳನ್ನು ಕತ್ತರಿಸಿದರು, ಟಪಾಲಿನ ಚೀಲಗಳನ್ನು ಕಸಿದರು, ಚಾವಡಿಗಳನ್ನೂ ರೈಲ್ವೆ ಸ್ಟೇಶನ್ನುಗಳನ್ನೂ ಸುಟ್ಟರು. ಹಾವೇರಿ ಸೀಮೆಯ ಮೈಲಾರ ಮಹಾದೇವನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದುದು ಈ ಚಳವಳಿಯಲ್ಲಿಯೇ. ಸರಕಾರದ ಕಣ್ಣಿನಲ್ಲಿ ಹಳಿಯು ಯುದ್ಧದ ನರ; ಚಳವಳಿಗಾರನ ಕಣ್ಣಿನಲ್ಲಿ ಪರರಾಜ್ಯದ ಸಂಕೋಲೆ; ಹಸಿದವನ ಕಣ್ಣಿನಲ್ಲಿ ಜೋಳ ಬರುವ ದಾರಿ. ನಡುವೆ ನಿಂತವರು ಹಳಿಯ ಕೆಲಸಗಾರರು: ರಾತ್ರಿ ಕಂದೀಲು ಹಿಡಿದು ಕಂಬಿಯ ಬಿಗಿಯನ್ನು ನೋಡುತ್ತ ನಡೆಯುವ ಗ್ಯಾಂಗಿನವನು, ಪಾಯಿಂಟು ತಿರುಗಿಸುವವನು, ಸ್ಟೇಶನ್ ಮಾಸ್ತರನು. ಬಂಡಿಯನ್ನು ನಡೆಸಿದರೆ ಸರಕಾರಕ್ಕೆ ನೆರವಾದಂತೆ. ನಿಲ್ಲಿಸಿದರೆ ತನ್ನ ಊರಿಗೆ ಬರತಕ್ಕ ಕಾಳೂ ನಿಂತೀತು. ಧರ್ಮಸಂಕಟವೆಂಬ ಮಾತಿಗೆ ಇದಕ್ಕಿಂತ ಸರಿಯಾದ ಉದಾಹರಣೆಯು ದೊರೆಯುವುದು ಕಷ್ಟ.

ಹೀಗಿದ್ದರೂ ಧಾತು ಈಶ್ವರಗಳ ಕಾಲದ ಮರಣಪರಂಪರೆಯು ವಿಜಾಪುರ ಜಿಲ್ಲೆಯಲ್ಲಿ ಮರುಕಳಿಸಲಿಲ್ಲ. 1943ರಲ್ಲಿ ಬಂಗಾಲದಲ್ಲಿ ಲಕ್ಷಾವಧಿ ಜನರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರು, ಇಲ್ಲಿ ಹಾಗಾಗಲಿಲ್ಲ. ಇದಕ್ಕೆ ಪರಿಹಾರದ ಕಾಮಗಾರಿ, ಧಾನ್ಯದ ಹಂಚಿಕೆಯ ವ್ಯವಸ್ಥೆ ಮೊದಲಾದ ಕಾರಣಗಳುಂಟು. ಆದರೆ ಹಂಚಲಿಕ್ಕೆ ಮೊದಲು ಕಾಳು ಬಂದು ತಲಪಿರಬೇಕಷ್ಟೆ? ಶಾಸ್ತ್ರಗಳಲ್ಲಿ ಅರ್ಥಾಪತ್ತಿಯೆಂಬ ಪ್ರಮಾಣಕ್ಕೆ ದೇವದತ್ತನ ದೃಷ್ಟಾಂತವನ್ನು ಕೊಡುವ ರೂಢಿಯಿದೆ. ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ, ಆದರೂ ಮೈತುಂಬಿಕೊಂಡಿರುವನು. ಆದಕಾರಣ ರಾತ್ರಿಯಲ್ಲಿ ಉಣ್ಣುತ್ತಿರಲೇಬೇಕು. ವಿಜಾಪುರದ ಎರೆಯ ನೆಲವು ಆ ವರ್ಷ ಬೆಳೆಯಲಿಲ್ಲ, ಆದರೂ ಜನರು ಉಳಿದರು. ಹಾಗಾದರೆ ಹೊಟಗಿಯ ಫಲಾಟದ ಮೇಲೆ ಹಗಲಿರುಳು ಚೀಲಗಳು ಹೆಗಲಿನಿಂದ ಹೆಗಲಿಗೆ ಸಾಗಿರಲೇಬೇಕು. ತೇಯ್ದ ಇಂಜಿನುಗಳನ್ನು ಯಾರೋ ದುರಸ್ತಿ ಮಾಡಿ ಓಡಿಸಿರಲೇಬೇಕು. ಕೃಷ್ಣೆಯ ಸೇತುವೆಯ ಮೇಲೆ ಯಾರೋ ಕಂದೀಲು ಹಿಡಿದು ನಡೆದಿರಲೇಬೇಕು. ಅವರನ್ನು ತೋರಿಸುವ ಚಿತ್ರವು ನಮ್ಮ ಮುಂದಿಲ್ಲ. ಉಳಿದ ಜನರೇ ಅವರ ಕೆಲಸಕ್ಕೆ ಸಾಕ್ಷಿ.

ಫ್ರಾನ್ಸಿನ ಕಥೆಯು ಇನ್ನೊಂದು ಅಧ್ಯಾಯಕ್ಕೆ ಹೋಯಿತು. ದೇಶವು ಬಿಡುಗಡೆಯಾದ ಮೇಲೆ ಅದೇ ಕ್ಲೆಮಾ ನಿರ್ದೇಶಕನು ‘ಲಾ ಬತಾಯ್ ದ್ಯು ರಾಯ್’, ಎಂದರೆ ಹಳಿಯ ಕದನ, ಎಂಬ ದೊಡ್ಡ ಚಿತ್ರವನ್ನು ತೆಗೆದನು. 1946ರಲ್ಲಿ ಅದು ಕಾನ್ ಪಟ್ಟಣದ ಮೊದಲನೆಯ ಚಿತ್ರೋತ್ಸವದಲ್ಲಿ ಬಹುಮಾನಗಳನ್ನು ಪಡೆಯಿತು. ಆಕ್ರಮಣಕಾರರ ಬಂಡಿಗಳನ್ನು ರೈಲ್ವೆಯ ಕೆಲಸಗಾರರು ಹೇಗೆ ತಡೆದರು, ಡಬ್ಬಿಗಳನ್ನು ಹೇಗೆ ದಾರಿತಪ್ಪಿಸಿದರು, ಯಂತ್ರಗಳನ್ನು ಹೇಗೆ ಕೆಡಿಸಿದರು ಎಂಬುದೇ ಅದರ ವಸ್ತು. ನಿಜವಾದ ರೈಲ್ವೆ ಕೆಲಸಗಾರರೇ ಅದರಲ್ಲಿ ಕಾಣಿಸಿಕೊಂಡರು. ನಿಜವಾದ ಒಂದು ಬಂಡಿಯನ್ನೇ ಹಳಿ ತಪ್ಪಿಸಿ ಉರುಳಿಸಿ ಚಿತ್ರಿಸಿದರು. ಒತ್ತೆಯಾಳುಗಳಾದ ಕೆಲಸಗಾರರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುವಾಗ ಅಲ್ಲಿದ್ದ ಇಂಜಿನುಗಳೆಲ್ಲ ಸೀಟಿ ಹಾಕುವ ನೋಟವನ್ನು ಕಂಡವರು ಮರೆಯಲಾರರು. 1942ರಲ್ಲಿ ಹೇಳಲಾಗದ ಮಾತನ್ನು 1946ರಲ್ಲಿ ಹೇಳಿದಂತಾಯಿತು. ಆದರೂ ಅದೇ ದೇಶದ ಹಳಿಗಳ ಮೇಲೆ ಸುಮಾರು 76,000 ಮಂದಿ ಯಹೂದಿಗಳನ್ನು ಬಂಡಿಗಳಲ್ಲಿ ತುಂಬಿ ದೇಶದ ಹೊರಗಣ ಮರಣಶಿಬಿರಗಳಿಗೆ ಸಾಗಿಸಿದ್ದರು. ಆ ಬಂಡಿಗಳ ಕಥೆಯನ್ನು ಈ ಚಿತ್ರವೂ ಹೇಳಲಿಲ್ಲ. ವೀರರನ್ನು ತೋರಿಸಿದ ಸಾಕ್ಷ್ಯದಲ್ಲಿಯೂ ಒಂದು ಮೌನವು ಉಳಿಯಿತು.

ಈ ತುಲನೆಯಿಂದ ಇನ್ನೊಂದು ವಿಚಾರವೂ ಹೊಳೆಯುವುದು. ಹಳಿಯ ಬೋಲ್ಟನ್ನು ಕಳಚಿದವನು ಫ್ರಾನ್ಸಿನ ಚಿತ್ರದಲ್ಲಿ ವೀರನಾದನು. ಅದೇ ಕೆಲಸವನ್ನು 1942ರಲ್ಲಿ ಕನ್ನಡನಾಡಿನಲ್ಲಿ ಮಾಡಿದವನು ಆಗಿನ ಸರಕಾರದ ಕಡತದಲ್ಲಿ ಅಪರಾಧಿಯಾದನು. ಕೈಕೆಲಸವು ಒಂದೇ, ಅದಕ್ಕೆ ಹೆಸರಿಡುವ ಅಧಿಕಾರವು ಯಾರ ಬಳಿಯಿತ್ತೆಂಬುದರಿಂದ ಭೇದವಾಯಿತು. ಇನ್ನು ತನ್ನ ಕಣ್ಣೆದುರಿನ ಹಸಿವನ್ನು ನೋಡಿ ಬಂಡಿಯನ್ನು ನಿಲ್ಲಗೊಡದೆ ನಡೆಸಿದವನಿಗೆ ಅಪರಾಧಿಯೆಂಬ ಹೆಸರೂ ಸಿಗಲಿಲ್ಲ, ವೀರನೆಂಬ ಹೆಸರೂ ಸಿಗಲಿಲ್ಲ.

ಮುಂದಿನ ಸಂಗತಿಗಳು ಸಂಕ್ಷಿಪ್ತ. 1944ರ ಏಪ್ರಿಲ್ 1ರಂದು ಮದ್ರಾಸ್ ಎಂಡ್ ಸದರ್ನ್ ಮರಾಠಾ ರೈಲ್ವೆಯನ್ನು ಸರಕಾರವು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿತು. ಯುದ್ಧಪ್ರಚಾರದ ಸಂಸ್ಥೆಯೆಂದು ಜನರ ಅಪ್ರೀತಿಗೆ ಗುರಿಯಾಗಿದ್ದ ಸರಕಾರಿ ಚಿತ್ರವಿಭಾಗವನ್ನು 1946ರಲ್ಲಿ ಮುಚ್ಚಿದರು. ಇದರ ಫಲವಾಗಿ 1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದಾಗ ಆ ಸಮಾರಂಭವನ್ನು ಚಿತ್ರಿಸಲು ಸರಕಾರದ್ದೆಂಬ ಒಂದು ಚಿತ್ರಸಂಸ್ಥೆಯೂ ಇರಲಿಲ್ಲ. ಖಾಸಗಿಯವರೂ ಪರದೇಶದವರೂ ತೆಗೆದ ಚಿತ್ರಗಳೇ ನಮಗೆ ಉಳಿದಿರುವವು. 1948ರಲ್ಲಿ ಫಿಲ್ಮ್ಸ್ ಡಿವಿಜನ್ ಎಂಬ ಹೊಸ ಸಂಸ್ಥೆಯು ಹುಟ್ಟಿತು. ನಂತರದ ವರ್ಷಗಳಲ್ಲಿ ಅದರ ಚಿತ್ರಗಳು ಕನ್ನಡದಲ್ಲಿಯೂ ಮಾತಾಡಿದವು. 1956ರಲ್ಲಿ ವಿಜಾಪುರವು ಏಕೀಕೃತ ಕನ್ನಡ ರಾಜ್ಯದಲ್ಲಿ ಸೇರಿತು. ಹೊಟಗಿಯು ಮಹಾರಾಷ್ಟ್ರದಲ್ಲಿ ಉಳಿಯಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ದಾರಿಯ ಮೀಟರ್ ಗೇಜನ್ನು ಹಂತಹಂತವಾಗಿ ಕಿತ್ತು ಬ್ರಾಡ್ ಗೇಜನ್ನು ಹಾಕಿದರು. ಹಾಗೆ ಹೊಟಗಿಯಲ್ಲಿ ಚೀಲ ಇಳಿಸಿ ಏರಿಸುವ ಕೆಲಸವೂ ಮುಗಿಯಿತು. ಅದು ಮುಗಿಯತಕ್ಕ ಕೆಲಸವೇ ಆಗಿತ್ತು. ಅದರೊಡನೆ ಅದರ ನೆನಪೂ ಮುಗಿಯಬೇಕಾಗಿಲ್ಲ.

ಚಿತ್ರವಿಲ್ಲದ ಇತಿಹಾಸಕ್ಕೆ ಆಕರಗಳೇ ಇಲ್ಲವೆಂದು ತಿಳಿಯಬಾರದು. ರೈಲ್ವೆಯಲ್ಲಿ ದುಡಿದ ಹಿರಿಯರ ಮನೆಗಳಲ್ಲಿ ನೇಮಣೂಕಿಯ ಕಾಗದ, ನಿವೃತ್ತಿವೇತನದ ಪುಸ್ತಕ, ಹಿತ್ತಾಳೆಯ ಬಿಲ್ಲೆ, ಹಳೆಯ ಕಂದೀಲು ಮುಂತಾದವು ಅಟ್ಟದ ಮೇಲೆ ಇದ್ದಾವು. ಅಡತಿ ಅಂಗಡಿಗಳ ಖಾತೆಕಿರ್ದಿಗಳಲ್ಲಿ ಯಾವ ವಾರ ಯಾವ ಸ್ಟೇಶನ್ನಿನಲ್ಲಿ ಎಷ್ಟು ಚೀಲಗಳು ಇಳಿದವೆಂಬ ಲೆಕ್ಕವು ಇದ್ದೀತು. ಕುಲಕರ್ಣಿಗಳ ದಫ್ತರಗಳಲ್ಲಿ ಬರಗಾಲದ ಕಾಮಗಾರಿಯ ಹಾಜರಿಪಟ್ಟಿಗಳು ಸಿಕ್ಕಾವು. ಚಿತ್ರಭಾನು ಸಂವತ್ಸರದಲ್ಲಿ ಹತ್ತು ವರ್ಷದ ಬಾಲಕನಾಗಿದ್ದವನಿಗೆ ಈಗ ತೊಂಬತ್ತು ದಾಟಿದೆ. ಅಂಥವರ ಸಂಖ್ಯೆಯು ವರ್ಷೇ ವರ್ಷೇ ಇಳಿಯುತ್ತಿರುವುದು. ಅವರು ಹೇಳಿದುದನ್ನು ಅವರದೇ ಮಾತಿನಲ್ಲಿ, ಊರು ತಿಥಿಗಳೊಡನೆ, ಬರೆದಿಡುವುದಕ್ಕೆ ಚಿತ್ರಯಂತ್ರವು ಬೇಕಾಗಿಲ್ಲ. ಒಂದು ವಹಿಯೂ ಲೇಖನಿಯೂ ಸಾಕು. ಆಪ್ತರ ವಾಕ್ಯವು ಇನ್ನೂ ಕೇಳಲು ಸಿಗುವಾಗ ಕೇಳದೆ ಬಿಟ್ಟು, ಅರ್ಥಾಪತ್ತಿಯ ಊಹೆಯೊಂದನ್ನೇ ಮುಂದಿನವರಿಗೆ ಉಳಿಸುವುದು ಯುಕ್ತವಲ್ಲ.